ಮೆಣಸಿನಕಾಯಿಗೆ ನನ್ನ ನಮಸ್ಕಾರ ಹೇಳಿ

ಜಠರ ಮುಗಿದು ಸಣ್ಣಕರುಳು ಶುರುವಾಗುವ ಬಾಗಿಲಿಗೆ ಪೈಲೋರಸ್ ಎಂದು ಹೆಸರು. ಅಲ್ಲೇ ಪಕ್ಕದ ಲೋಳೆಯಲ್ಲಿ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಮಾತಿಗೆ ಸಿಕ್ಕಿತು. ಸುರುಳಿ ಮೈ, ಒಂದು ತುದಿಯಲ್ಲಿ ನಾಲ್ಕಾರು ಬಾಲ. ಯಾರ ಹೊಟ್ಟೆ ಎಂದು ಬರೆಯಬಾರದೆಂಬ ಷರತ್ತು ಹೊಟ್ಟೆಯ ಯಜಮಾನರದು. ತನ್ನ ಹೆಸರು ದಪ್ಪಕ್ಷರದಲ್ಲಿ ಬರಬೇಕೆಂಬುದು ಬ್ಯಾಕ್ಟೀರಿಯಾದ್ದು.

ಪ್ರ: ಇಲ್ಲಿ ವಾಸ ಎಷ್ಟು ಕಾಲದಿಂದ?

ಪೈಲೋರಿ: ಈ ಯಜಮಾನರು ಅಂಬೆಗಾಲಿಡುತ್ತಿದ್ದಾಗಿನಿಂದ. ನಾವು ಹೆಚ್ಚಾಗಿ ಬರುವುದು ಬಾಲ್ಯದಲ್ಲಿ, ಅದೂ ಮನೆಯವರಿಂದಲೇ. ವಂಶದ ಲೆಕ್ಕ ಬೇಕೆಂದರೆ, ನಿಮ್ಮವರು ಆಫ್ರಿಕಾ ಬಿಟ್ಟು ಹೊರಟಾಗ ಜೊತೆಗೇ ಹೊರಟವರು. ಆಲ್ಪ್ಸ್ ಹಿಮದಲ್ಲಿ 1991ರಲ್ಲಿ ಸಿಕ್ಕ, 5,300 ವರ್ಷ ಹಳೆಯ ಓಟ್ಸಿ ಎಂಬ ಶವದ ಹೊಟ್ಟೆಯಲ್ಲೂ ನಮ್ಮವರ ಗುರುತು ಸಿಕ್ಕಿದ್ದು 2016ರಲ್ಲಿ ಪ್ರಕಟವಾಯಿತು. ಆ ತಳಿಯ ಹತ್ತಿರದ ನೆಂಟರು ಈಗ ಇರುವುದು ಮಧ್ಯ ಮತ್ತು ದಕ್ಷಿಣ ಏಷ್ಯಾದಲ್ಲಿ. ಅಂದರೆ ನಿಮ್ಮ ಕಡೆಯೇ!

ಪ್ರ: ಜಠರದ ಆಮ್ಲದಲ್ಲಿ ಹೇಗೆ ಉಳಿದಿರಿ?

ಪೈಲೋರಿ: ಯೂರಿಯೇಸ್ ಎಂಬ ಕಿಣ್ವ ಇಟ್ಟುಕೊಂಡಿದ್ದೇನೆ. ನಿಮ್ಮದೇ ಯೂರಿಯಾ ಒಡೆದು ಅಮೋನಿಯಾ ಮಾಡಿ, ಮೈಸುತ್ತಲಿನ ಹುಳಿ ಮುರಿದುಕೊಳ್ಳುತ್ತೇನೆ. ಆಮೇಲೆ ಲೋಳೆಯೊಳಗೆ ಕೊರೆದುಕೊಂಡು ಹೋದರೆ ಆಯಿತು. ಅಂಥ ಆಮ್ಲದಲ್ಲಿ ಯಾವ ಜೀವಿಯೂ ನೆಲೆಸದು ಎಂದು ವೈದ್ಯಲೋಕವೇ ನಂಬಿ ಕೂತಿತ್ತಲ್ಲ, ನನಗೆ ಅದಕ್ಕಿಂತ ಭದ್ರವಾದ ಕಾವಲು ಇರಲಿಲ್ಲ.

ಪ್ರ: ಹೊಟ್ಟೆಹುಣ್ಣಿಗೆ ನೀವೇ ಕಾರಣ ಎಂಬ ಆರೋಪ...

ಪೈಲೋರಿ: ನನ್ನ ಹೆಸರು ಎಫ್‌ಐಆರ್‌ನಲ್ಲಿ ಬಂದದ್ದೇ ತಡವಾಗಿ ಸ್ವಾಮಿ. ಮೊದಲು ಟೆನ್ಷನ್ ಸಿಕ್ಕಿಬಿತ್ತು, ಆಮೇಲೆ ಸಿಟ್ಟು, ಕಾಫಿ, ಮೆಣಸಿನಕಾಯಿ. ಬ್ಯಾಡಗಿ ಮೆಣಸಿನಕಾಯಿ ಪಾಪ, ಬಣ್ಣಕ್ಕೆ ಹೆಸರಾದದ್ದು, ಖಾರ ಅಷ್ಟಕ್ಕಷ್ಟೆ. ಅದರ ಮೇಲೂ ಕೇಸು! ರೋಗಿಗೆ ಹಾಲು, ಮೊಸರನ್ನ, ಮನಶ್ಶಾಂತಿ. ಎಷ್ಟು ಮನೆಗಳಲ್ಲಿ ಸಾರು ಸಪ್ಪೆಯಾಯಿತೋ! ಮೊಸರನ್ನದ ಮರೆಯಲ್ಲಿ ನಾನು ಆರಾಮ. ಆ ಮೆಣಸಿನಕಾಯಿಗೆ ನನ್ನ ನಮಸ್ಕಾರ ಹೇಳಿ.

ಪ್ರ: ಯಾರಿಗೂ ಅನುಮಾನವೇ ಬರಲಿಲ್ಲವೇ?

ಪೈಲೋರಿ: ಗ್ರೀಸಿನ ಲಿಕೂಡಿಸ್ ಎಂಬ ಡಾಕ್ಟರು 1958ರಿಂದ ಹುಣ್ಣಿಗೆ ಆಂಟಿಬಯಾಟಿಕ್ ಕೊಡುತ್ತಿದ್ದರು. ಸಿಕ್ಕ ಬಹುಮಾನ? 1968ರಲ್ಲಿ 4,000 ಡ್ರಾಕ್ಮಾ ದಂಡ. ಅವರು 1980ರಲ್ಲಿ ತೀರಿಕೊಂಡರು. ಅಷ್ಟರಲ್ಲಾಗಲೇ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ರಾಬಿನ್ ವಾರನ್ ಸೂಕ್ಷ್ಮದರ್ಶಕದಲ್ಲಿ ನಮ್ಮನ್ನು ನೋಡಿಬಿಟ್ಟಿದ್ದರು, 1979ರಲ್ಲಿ. ಬ್ಯಾರಿ ಮಾರ್ಷಲ್ ಜೊತೆಗೂಡಿದರು. ನಮ್ಮನ್ನು ತಟ್ಟೆಯಲ್ಲಿ ಬೆಳೆಸಲು ನೋಡಿ ನೋಡಿ ಸೋತರು. ಎರಡು ದಿನ ಕಾದು, ಏನೂ ಇಲ್ಲವೆಂದು ಎಸೆಯುವುದು ಅಲ್ಲಿನ ಪದ್ಧತಿ. 1982ರ ಈಸ್ಟರ್ ರಜೆಯಲ್ಲಿ ತಟ್ಟೆ ಎಸೆಯಲು ಯಾರೂ ಬರಲಿಲ್ಲ. ನಾವು ನಿಧಾನದವರು, ಆ ಬಿಡುವಿನಲ್ಲಿ ಮೊಳೆತೆವು. ಸರ್ಕಾರಿ ರಜೆಗಳಿಂದ ದೇಶ ಹಾಳಾಯಿತು ಎನ್ನುವವರು ಇದನ್ನೂ ಬರೆದುಕೊಳ್ಳಲಿ.

ಪ್ರ: ಅಲ್ಲಿಗೆ ಜಗತ್ತು ಒಪ್ಪಿತೇ?

ಪೈಲೋರಿ: ಎಲ್ಲಿಯ ಮಾತು! ಬೇಸತ್ತ ಮಾರ್ಷಲ್ 1984ರಲ್ಲಿ ನಮ್ಮನ್ನು ತುಂಬಿದ ದ್ರಾವಣವನ್ನೇ ಗಟಗಟ ಕುಡಿದುಬಿಟ್ಟರು. ಹೆಂಡತಿಗೂ ಮೊದಲೇ ಹೇಳಿರಲಿಲ್ಲ. ಕೆಲವೇ ದಿನಗಳಲ್ಲಿ ವಾಂತಿ, ಬಾಯಿವಾಸನೆ. ಎಂಡೋಸ್ಕೋಪಿಯಲ್ಲಿ ಜಠರದ ಉರಿಯೂತ. ಆದರೂ ಒಪ್ಪಲು ಜಗತ್ತಿಗೆ ವರ್ಷಗಳೇ ಬೇಕಾದವು, ನೊಬೆಲ್ ಬಂದದ್ದು 2005ರಲ್ಲಿ. ಈ ನಡುವೆ ಆಮ್ಲ ತಗ್ಗಿಸುವ ಮಾತ್ರೆಗಳ ಭರ್ಜರಿ ವ್ಯಾಪಾರ ನಡೆದಿತ್ತು. ನುಂಗಿದಷ್ಟು ದಿನ ಹುಣ್ಣು ಮಾಯುತ್ತದೆ, ಬಿಟ್ಟರೆ ಮರಳುತ್ತದೆ. ಎರಡು ವಾರದಲ್ಲಿ ಗುಣವಾಗಿ ಹೋಗುವ ಗಿರಾಕಿ ಯಾರಿಗೆ ಬೇಕು ಹೇಳಿ?

ಪ್ರ: ಕ್ಯಾನ್ಸರ್ ಪಟ್ಟಿಯಲ್ಲೂ ನಿಮ್ಮ ಹೆಸರಿದೆ.

ಪೈಲೋರಿ: (ದನಿ ತಗ್ಗಿಸಿ) ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 1994ರಲ್ಲೇ ನನ್ನನ್ನು ಮೊದಲ ದರ್ಜೆಗೆ ಸೇರಿಸಿತು. ಆದರೆ ನಾನಿರುವ ಹೊಟ್ಟೆಗಳಲ್ಲಿ ಬಹುಪಾಲು ಜೀವಮಾನವಿಡೀ ತೆಪ್ಪಗಿರುತ್ತವೆ. ಜಠರದ ಮಾಲ್ಟ್ ಲಿಂಫೋಮಾ ಎಂಬ ಅಪರೂಪದ ಕ್ಯಾನ್ಸರ್ ಒಂದುಂಟು. ನನ್ನನ್ನು ಓಡಿಸಿದರೆ ಎಷ್ಟೋ ಸಲ ಗಡ್ಡೆಯೇ ಕರಗುತ್ತದೆ. ಬರೀ ಆಂಟಿಬಯಾಟಿಕ್‌ಗೆ ಕರಗುವ ಕ್ಯಾನ್ಸರ್!

(ಇದನ್ನು ಹೇಳುವಾಗ ಅದರ ದನಿಯಲ್ಲಿ ಹೆಮ್ಮೆ ಇತ್ತು. ಬರೆಯದೆ ಬಿಡಲಾಗಲಿಲ್ಲ.)

ಪ್ರ: ನಮ್ಮ ಕಡೆ ಎಲ್ಲದಕ್ಕೂ ‘ಗ್ಯಾಸ್ಟ್ರಿಕ್’ ಎನ್ನುತ್ತಾರೆ.

ಪೈಲೋರಿ: ತಲೆನೋವಿಗೂ ಗ್ಯಾಸು, ಬೆನ್ನುನೋವಿಗೂ ಗ್ಯಾಸು. ಎದೆ ಒತ್ತಿ, ಬೆವರು ಕಿತ್ತು, ಎಡಗೈ ಸೆಳೆದರೂ ಸೋಡಾ ಕುಡಿದು ಮಲಗುತ್ತಾರೆ. ಅದು ಹೃದಯದ್ದು, ನನ್ನದಲ್ಲ, ಆಸ್ಪತ್ರೆಗೆ ಓಡಬೇಕು. ಇನ್ನು ಮಂಡಿನೋವಿನ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿ ಹುಣ್ಣು ಮಾಡಿಕೊಂಡವರ ತಪ್ಪೂ ನನ್ನ ತಲೆಗೆ. ಮಲ ಕಪ್ಪಗೆ ಡಾಂಬರಿನಂತಾದರೂ ನಿನ್ನೆಯ ಬದನೆಕಾಯಿ ಎನ್ನುತ್ತಾರೆ. ಒಳಗೆ ರಕ್ತ ಸೋರುತ್ತಿರುತ್ತದೆ.

ಪ್ರ: ನಿಮ್ಮನ್ನು ಓಡಿಸುವುದು ಸುಲಭವೇ?

ಪೈಲೋರಿ: ಆಮ್ಲ ತಗ್ಗಿಸುವ ಮಾತ್ರೆಯ ಜೊತೆ ಎರಡು ಆಂಟಿಬಯಾಟಿಕ್, ಕೆಲವೊಮ್ಮೆ ಬಿಸ್ಮತ್ತೂ, ಸಾಮಾನ್ಯವಾಗಿ ಹದಿನಾಲ್ಕು ದಿನ. ನಾಲ್ಕನೇ ದಿನ ಬಾಯಿ ಕಹಿಯಾಗುತ್ತದೆ, ಉರಿ ಕಡಿಮೆಯಾಗುತ್ತದೆ, ಉಳಿದ ಮಾತ್ರೆ ದೇವರ ಕೋಣೆಯ ಗೂಡಿಗೆ ಸೇರುತ್ತದೆ. ಅರ್ಧ ಪೆಟ್ಟು ತಿಂದು ಉಳಿದ ನಮ್ಮವರು ಆ ಔಷಧಿಗೆ ಪಳಗುತ್ತಾರೆ. ಭಾರತದಲ್ಲಿ ಮೆಟ್ರೊನಿಡಜೋಲ್ ಎಂದರೆ ನಮ್ಮಲ್ಲಿ ಅನೇಕರಿಗೆ ಈಗ ಲೆಕ್ಕಕ್ಕೇ ಇಲ್ಲ.

ಪ್ರ: ದಿನಾ ಬೆಳಿಗ್ಗೆ ಇಡ್ಲಿಗೆ ಮೊದಲು ಮೆಡಿಕಲ್ ಶಾಪಿನ ಗ್ಯಾಸ್ ಮಾತ್ರೆ ನುಂಗುವವರ ಬಗ್ಗೆ?

ಪೈಲೋರಿ: ಒಳ್ಳೆಯ ಜನ. ಆ ಮಾತ್ರೆ ಒಂಟಿಯಾಗಿ ಬಂದರೆ ನಾನು ಸ್ವಲ್ಪ ಮಂಕಾಗುತ್ತೇನೆ, ಹೋಗುವುದಿಲ್ಲ. ಮಂಕಾಗಿದ್ದಾಗ ನನ್ನನ್ನು ಹುಡುಕುವ ಉಸಿರಿನ ಪರೀಕ್ಷೆಗೂ ಸಿಗದೆ ಹೋಗಬಹುದು. ಅದಕ್ಕೇ ಪರೀಕ್ಷೆಗೆ ಎರಡು ವಾರ ಮೊದಲು ಡಾಕ್ಟರನ್ನು ಕೇಳಿ ಆ ಮಾತ್ರೆ ನಿಲ್ಲಿಸಬೇಕು.

ಪ್ರ: ಹಾಗಾದರೆ ರಿಪೋರ್ಟಿನಲ್ಲಿ ‘ಇಲ್ಲ’ ಎಂದು ಬಂದರೆ?

ಪೈಲೋರಿ: ಮಾತ್ರೆ ನಿಲ್ಲಿಸಿದ್ದಿರಾ ಎಂದು ಯಾರಾದರೂ ಕೇಳಬೇಕು. ಕೇಳದಿದ್ದರೆ ನಾನಾಗಿ ಯಾಕೆ ಬಾಯಿಬಿಡಲಿ?