ರಸಪ್ರಶ್ನಾ ಮೀಮಾಂಸೆ: ಸೋಫಾಸೀನ ಸರ್ವಜ್ಞರಿಗೊಂದು ಕಿರುಶಾಸ್ತ್ರ

ಅನುಬಂಧ

ಶಾಸ್ತ್ರಗ್ರಂಥವೆಂದ ಮೇಲೆ ವಿಷಯ, ಪ್ರಯೋಜನ, ಅಧಿಕಾರಿ, ಸಂಬಂಧ ಎಂಬ ನಾಲ್ಕನ್ನು ಮೊದಲೇ ಹೇಳಬೇಕೆಂಬುದು ಹಿರಿಯರ ಕಟ್ಟಳೆ. ನಾಲ್ಕೇ ಏಕೆ ಎಂದು ಕೇಳಬಾರದು. ಆಯ್ಕೆಗಳು ಯಾವಾಗಲೂ ನಾಲ್ಕೇ. ವಿಷಯ: ಟೀವಿಯಲ್ಲಿ ಕೇಳುವ ಸಾಮಾನ್ಯ ಜ್ಞಾನದ ಪ್ರಶ್ನೆ. ಪ್ರಯೋಜನ: ಕೋಟಿ ರೂಪಾಯಿ, ಅದು ದಕ್ಕದಿದ್ದರೆ ಹೆಂಡತಿ ಮಕ್ಕಳೆದುರು ಸ್ವಲ್ಪ ಮರ್ಯಾದೆ. ಅಧಿಕಾರಿ: ಊಟದ ತಟ್ಟೆ ಹಿಡಿದು ಟೀವಿ ಮುಂದೆ ಕೂತ ಯಾವನೇ ಗೃಹಸ್ಥ. ಸಂಬಂಧ: ಗೊತ್ತಿರುವ ಉತ್ತರಕ್ಕೂ ಗೊತ್ತಿಲ್ಲದ ವಿಷಯಕ್ಕೂ ಇರುವ ನಂಟು. ಈ ನಂಟನ್ನು ಸಾಧಿಸಿ ತೋರಿಸುವುದೇ ಗ್ರಂಥಕರ್ತನ ಹಟ.

ಐತಿಹ್ಯ

ಅರ್ವಾಚೀನರು ಈ ಕಲೆ 1998ರಲ್ಲಿ ಬ್ರಿಟನ್ನಿನ ಐಟಿವಿಯಲ್ಲಿ ‘ಹೂ ವಾಂಟ್ಸ್ ಟು ಬಿ ಎ ಮಿಲಿಯನೇರ್’ ಎಂಬ ಹೆಸರಿನಿಂದ ಅವತರಿಸಿ, 2000ದ ಜುಲೈ 3ರಂದು ಅಮಿತಾಭ್ ಬಚ್ಚನ್ನರ ಕಂಠದಲ್ಲಿ ಹಿಂದಿಗೂ, 2012ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ನಗೆಯಲ್ಲಿ ‘ಕನ್ನಡದ ಕೋಟ್ಯಧಿಪತಿ’ಯಾಗಿ ನಮ್ಮಲ್ಲಿಗೂ ಬಂತೆನ್ನುತ್ತಾರೆ. ಇದು ಅಲ್ಪದೃಷ್ಟಿ. ಮಹಾಭಾರತದ ಅರಣ್ಯಪರ್ವದಲ್ಲಿಯೇ ಇದರ ಪೂರ್ಣರೂಪವಿದೆ.

ಸರೋವರದ ದಡ ಸೆಟ್ಟು, ಯಕ್ಷ ನಿರೂಪಕ. ನಿಯಮ ಕೇಳದೆ ನೀರಿಗೆ ಬಾಯಿ ಹಾಕಿದ ನಾಲ್ವರು ಮೊದಲ ಸುತ್ತಿನಲ್ಲೇ ಔಟ್. ಧರ್ಮರಾಯ ಹಾಟ್ ಸೀಟಿಗೆ ಬಂದು ಎಲ್ಲಕ್ಕೂ ಉತ್ತರಿಸುತ್ತಾನೆ. ಕಡೆಯ ಪ್ರಶ್ನೆ: ತಮ್ಮಂದಿರಲ್ಲಿ ಒಬ್ಬನನ್ನು ಬದುಕಿಸುತ್ತೇನೆ, ಯಾರನ್ನು? ಎ) ಭೀಮ, ಬಿ) ಅರ್ಜುನ, ಸಿ) ನಕುಲ, ಡಿ) ಸಹದೇವ. ಪ್ರೇಕ್ಷಕರ ಅಭಿಪ್ರಾಯ ಕೇಳಿದ್ದರೆ ಅಷ್ಟೂ ಮತ ಮೊದಲೆರಡಕ್ಕೇ ಬೀಳುತ್ತಿತ್ತು. ಧರ್ಮರಾಯ ಸಿ ಎಂದ. ಭೀಮಾರ್ಜುನರನ್ನು ಬಿಟ್ಟು ಇವನೇಕೆ ಎಂದು ಯಕ್ಷ ಕೆದಕಿದ. ಸ್ಪರ್ಧಿಯ ಎದೆ ನಡುಗಿಸಲು ನಿರೂಪಕರು ಇಂದಿಗೂ ಬಳಸುವ ವರಸೆ ಇದೇ. ಕುಂತಿಗೊಬ್ಬ ಮಗ ಉಳಿದಂತೆ ಮಾದ್ರಿಗೂ ಒಬ್ಬನಿರಲಿ ಎಂದು ಸ್ಪರ್ಧಿ ಅಲುಗದೆ ಕೂತ. ನಾಲ್ಕೂ ಆಯ್ಕೆ ಎದ್ದು ಕೂತವು.

ಒಂದು ಕಳಂಕವನ್ನು ಮಾತ್ರ ಮುಚ್ಚಿಡುವಂತಿಲ್ಲ. ಯಕ್ಷನ ವೇಷದಲ್ಲಿದ್ದವನು ಯಮಧರ್ಮ, ಅಂದರೆ ಸ್ಪರ್ಧಿಯ ಅಪ್ಪ. ಆಯೋಜಕರ ಬಂಧುಗಳು ಭಾಗವಹಿಸುವಂತಿಲ್ಲ ಎಂದು ಈಗಿನ ಸ್ಪರ್ಧೆಗಳು ಸಣ್ಣಕ್ಷರದಲ್ಲಿ ಅಚ್ಚು ಹಾಕಿಸುವುದು ಈ ಪ್ರಸಂಗದ ನಂತರವೇ ಇರಬೇಕೆಂದು ನಮ್ಮ ಊಹೆ.

ವಿಭಕ್ತಿ ವಿಚಾರ

ಟೀವಿ ಪ್ರಶ್ನೆಗಳನ್ನೆಲ್ಲ ವಿಭಕ್ತಿಗಳಲ್ಲಿ ಅಡಕ ಮಾಡಬಹುದೆಂಬುದು ಈ ಗ್ರಂಥದ ಸ್ವಂತ ಕೊಡುಗೆ.

ಷಷ್ಠಿ ಎಂದರೆ ‘ಯಾರ?’ ಅಂಬಿಕಾತನಯದತ್ತ ಯಾರ ಕಾವ್ಯನಾಮ? ತೃತೀಯಾ ಎಂದರೆ ‘ಯಾರಿಂದ?’ ಮಂಗಳೂರ ಸಮಾಚಾರ ಯಾರಿಂದ ಪ್ರಕಟಿಸಲ್ಪಟ್ಟಿತು? ಕನ್ನಡದಲ್ಲಿ ಕರ್ಮಣಿ ಪ್ರಯೋಗ ಇನ್ನೂ ಉಸಿರಾಡುತ್ತಿರುವುದು ಇಂಥ ಪ್ರಶ್ನೆಗಳ ಕೃಪೆಯಿಂದಲೇ. ಸಪ್ತಮಿ ಎಂದರೆ ‘ಎಲ್ಲಿ?’ ಶರಾವತಿ ಎಲ್ಲಿ ಧುಮುಕುತ್ತಾಳೆ? ಜೋಗದಲ್ಲಿ. ಅಲ್ಲಿ ರಾಜ, ರಾಣಿ, ರೋರರ್, ರಾಕೆಟ್ ಎಂದು ಪ್ರಕೃತಿಯೇ ನಾಲ್ಕು ಆಯ್ಕೆ ಒದಗಿಸಿರುವುದನ್ನು ಗಮನಿಸಬೇಕು. ಸಂಬೋಧನೆ ನಿರೂಪಕನಿಗೆ ಮೀಸಲು: ‘ಸಾರ್, ಲಾಕ್ ಮಾಡ್ಲಾ?’

ಇವೆಲ್ಲಕ್ಕೂ ದೊಡ್ಡದು ಪ್ರಥಮಾ. ಕನ್ನಡಕ್ಕೆ ಮೊದಲ ಜ್ಞಾನಪೀಠ ತಂದವರು? ಕುವೆಂಪು. ಮೊದಲ ಕನ್ನಡ ಪತ್ರಿಕೆ ಹೊರಟ ವರ್ಷ? 1843. ಮೊದಲ ವಾಕ್ಚಿತ್ರ? 1934ರ ‘ಸತಿ ಸುಲೋಚನ’. ಎರಡನೆಯವರು ಯಾರೆಂದು ಯಾವ ನಿರೂಪಕನೂ ಕೇಳುವುದಿಲ್ಲ. ಈ ಅನ್ಯಾಯಕ್ಕೆ ಉದಾಹರಣೆ ‘ಭಕ್ತ ಧ್ರುವ’. ಚಿತ್ರೀಕರಣದಲ್ಲಿ ಅದೇ ಮೊದಲು, ತೆರೆಗೆ ಬರುವಷ್ಟರಲ್ಲಿ ಸುಲೋಚನೆ ಮುಂದೆ. ಪುರಾಣದಲ್ಲಿ ಅಪ್ಪನ ತೊಡೆಯಿಂದ ಇಳಿಸಿಕೊಂಡ ಹುಡುಗ, ಅಷ್ಟು ತಪಸ್ಸು ಮಾಡಿ ಅಲುಗದ ನಕ್ಷತ್ರವಾದರೂ, ಸಾಮಾನ್ಯ ಜ್ಞಾನದ ಕೈಪಿಡಿಯಲ್ಲಿ ಮತ್ತೆ ಜಾಗ ಕಳೆದುಕೊಂಡ.

ಪ್ರಮಾಣ ವಿಚಾರ

ತಿಳಿವಿಗೆ ದಾರಿಗಳೆಷ್ಟು? ಚಾರ್ವಾಕರಿಗೆ ಒಂದು, ನೈಯಾಯಿಕರಿಗೆ ನಾಲ್ಕು, ಭಾಟ್ಟ ಮೀಮಾಂಸಕರಿಗೆ ಆರು. ಟೀವಿಯವರು ಇವನ್ನು ಲೈಫ್‌ಲೈನ್ ಎನ್ನುತ್ತಾರೆ. ಎರಡು ತಪ್ಪು ಉತ್ತರ ಮಾಯವಾಗುವ ಫಿಫ್ಟಿ-ಫಿಫ್ಟಿ, ಕಾಣದ್ದರಿಂದಲೇ ಇಲ್ಲವೆಂದು ತಿಳಿಯುವ ಅನುಪಲಬ್ಧಿ. ಗೆಳೆಯನಿಗೆ ಫೋನ್ ಮಾಡುವುದು ಶಬ್ದಪ್ರಮಾಣ. ಆಪ್ತನ ಮಾತು ಪ್ರಮಾಣವೇನೋ ನಿಜ. ಆದರೆ ಆಪ್ತ ‘ಹಲೋ, ಹೇಗಿದ್ದೀಯಪ್ಪಾ, ಟೀವೀಲಿ ಬರ್ತಿದೀಯಾ?’ ಎನ್ನುವಷ್ಟರಲ್ಲಿ ಗಡಿಯಾರ ಅರ್ಧ ಓಡಿರುತ್ತದೆ.

1999ರಲ್ಲಿ ಅಮೆರಿಕದ ಜಾನ್ ಕಾರ್ಪೆಂಟರ್ ಈ ಪ್ರಮಾಣವನ್ನು ತಲೆಕೆಳಗು ಮಾಡಿದ. ಕಡೆಯ ಪ್ರಶ್ನೆಗೆ ಅಪ್ಪನಿಗೆ ಫೋನ್ ಹಚ್ಚಿ, ಏನನ್ನೂ ಕೇಳದೆ, ತಾನು ಮಿಲಿಯನ್ ಡಾಲರ್ ಗೆಲ್ಲುವವನಿದ್ದೇನೆಂದು ತಿಳಿಸಿದ. ನಿಕ್ಸನ್ ಎಂದು ಉತ್ತರ ಕೊಟ್ಟು ಗೆದ್ದೂಬಿಟ್ಟ. ಮಗ ಅಪ್ಪನಿಗೆ ಪ್ರಮಾಣನಾದ ಈ ಪ್ರಸಂಗ ನೈಯಾಯಿಕರಿಗೆ ನುಂಗಲಾರದ ತುತ್ತು.

ಮೀಮಾಂಸಕರ ಆರರ ಮೇಲೆ ಏಳನೆಯದನ್ನು ಕೂಡಿಸಿದ ಕೀರ್ತಿ ಬ್ರಿಟನ್ನಿಗೆ ಸಲ್ಲಬೇಕು. 2001ರಲ್ಲಿ ಮೇಜರ್ ಚಾರ್ಲ್ಸ್ ಇಂಗ್ರಾಮ್ ಹಾಟ್ ಸೀಟಿನಲ್ಲಿ ಆಯ್ಕೆಗಳನ್ನು ಒಂದೊಂದಾಗಿ ಗೊಣಗುತ್ತಿದ್ದ. ಸರಿಯುತ್ತರ ಬಾಯಿಗೆ ಬಂದಾಗ ಸಭೆಯಲ್ಲಿ ಕೆಮ್ಮು ಕೇಳುತ್ತಿತ್ತು. ಒಂದರ ಮುಂದೆ ನೂರು ಸೊನ್ನೆ ಇಟ್ಟರೆ ಬರುವ ಸಂಖ್ಯೆಗೆ ಹೆಸರೇನು ಎಂಬುದು ಕಡೆಯ ಪ್ರಶ್ನೆ. ‘ಗೂಗಾಲ್’ ಎಂದು ಮಿಲಿಯನ್ ಪೌಂಡ್ ಗೆದ್ದ. 2003ರಲ್ಲಿ ನ್ಯಾಯಾಲಯ ಇದು ಮೋಸವೆಂದು ತೀರ್ಮಾನಿಸಿತು. ಕೆಮ್ಮೆಂಬ ಈ ಕಾಸಪ್ರಮಾಣ ಅಲ್ಲಿಗೆ ಅಪ್ರಮಾಣವಾಯಿತು. ನೂರು ಸೊನ್ನೆಯ ಪ್ರಶ್ನೆಗೆ ಬಂದ ಫಲವೂ ಸೊನ್ನೆಯೇ.

ಕ್ಷೇತ್ರಕಾರ್ಯ

ಕಾಶ್ಮೀರದ ಸರ್ವಜ್ಞಪೀಠ ಏರಲು ಶಂಕರಾಚಾರ್ಯರು ವಾದ ಮಾಡಬೇಕಾಯಿತೆಂದು ಐತಿಹ್ಯ. ನಮ್ಮ ಸೋದರಮಾವನಿಗೆ ಅದು ಕಂತಿನಲ್ಲಿ ಸಿಕ್ಕಿದೆ, ಮೂರು ಜನ ಕೂರುವ ಅಳತೆಯದು. ನಿರೂಪಕ ಅಂಬಿಕಾತನಯದತ್ತರ ಪ್ರಶ್ನೆ ಎಸೆದಾಗ ಮಾವ ಕಣ್ಣು ಮುಚ್ಚುತ್ತಾರೆ, ತುಟಿ ಅಲುಗುತ್ತದೆ. ಸ್ಪರ್ಧಿ ‘ಬೇಂದ್ರೆ’ ಎಂದ ಮರುಕ್ಷಣ ಸೋಫಾದಿಂದಲೂ ‘ಬೇಂದ್ರೆ!’ ಹೊರಡುತ್ತದೆ. ‘ಅದೇ ಹೇಳೋಕ್ ಹೊರಟಿದ್ದೆ, ಬಾಯಲ್ಲಿ ಚಪಾತಿ ಇತ್ತು.’ ಸ್ಪರ್ಧಿ ತಪ್ಪಿದರೋ, ‘ಇಷ್ಟೂ ಗೊತ್ತಿಲ್ಲದವ್ರನ್ನ ಯಾರ್ ಕರೀತಾರೋ’ ಎಂಬ ಭಾಷ್ಯ.

ಅಡುಗೆಮನೆಯಿಂದ ಅತ್ತೆ ಕೇಳಿದರು: ‘ಅವರಿಗೆ ಜ್ಞಾನಪೀಠ ಬಂದದ್ದು ಯಾವುದಕ್ಕೆ?’

‘ನಾಕುತಂತಿ. 1973,’ ಈ ಸಲ ಚಪಾತಿ ಅಡ್ಡ ಬರಲಿಲ್ಲ.

‘ಆ ನಾಕು ತಂತಿ ಯಾವ್ಯಾವು?’

ಮಾವ ರಿಮೋಟ್ ಎಲ್ಲಿ ಎಂದು ಕೇಳಿದರು.

ಪೂರ್ವಪಕ್ಷ, ಸಿದ್ಧಾಂತ

ಪೂರ್ವಪಕ್ಷಿ ಕೇಳುತ್ತಾನೆ: ಉತ್ತರ ಗೊತ್ತಿದ್ದರೆ ಸಾಲದೇ? ವಿಷಯವೂ ಯಾಕೆ ಗೊತ್ತಿರಬೇಕು? ಸಾಲದು ಎನ್ನಲು ನಮ್ಮಲ್ಲೊಂದು ದೃಷ್ಟಾಂತವಿದೆ. 2002ರಿಂದ ದೂರದರ್ಶನದ ಚಂದನ ವಾಹಿನಿಯಲ್ಲಿ ಡಾ. ನಾ. ಸೋಮೇಶ್ವರರು ನಡೆಸಿಕೊಂಡು ಬಂದ ‘ಥಟ್ ಅಂತ ಹೇಳಿ’ಯಲ್ಲಿ ಕೋಟಿಯಿಲ್ಲ, ಕಾರಿಲ್ಲ, ಬಹುಮಾನ ಪುಸ್ತಕ. ನಿರೂಪಕರು ಓದಿದ್ದು ವೈದ್ಯಶಾಸ್ತ್ರವಾದ್ದರಿಂದ ರೋಗಲಕ್ಷಣ ಗುರುತಿಸಿಯೇ ಔಷಧ ಬರೆದಿದ್ದಾರೆಂದು ನಮ್ಮ ಅನುಮಾನಪ್ರಮಾಣ. ಉತ್ತರ ಥಟ್ಟನೆ ಬರಬಹುದು, ಬಹುಮಾನ ಥಟ್ಟನೆ ಮುಗಿಯುವುದಿಲ್ಲ. ‘ಶ್ರೀ ರಾಮಾಯಣ ದರ್ಶನಂ’ ಬರೆದವರಾರೆಂದು ಹೇಳಲು ಅರೆಕ್ಷಣ ಸಾಕು, ಓದಲು ಒಂದು ಮಳೆಗಾಲ ಬೇಕು.

ಫಲಶ್ರುತಿ

ಈ ಶಾಸ್ತ್ರವನ್ನು ಜಾಹೀರಾತಿನ ವಿರಾಮದಲ್ಲಿ ಪಠಿಸುವವರಿಗೆ ಹತ್ತು ಸಾವಿರದ ಪ್ರಶ್ನೆಯವರೆಗೆ ವಿಘ್ನವಿಲ್ಲ. ನಿತ್ಯ ಪಾರಾಯಣ ಮಾಡುವವರಿಗೆ ಆಪ್ತರು ಮೊದಲ ರಿಂಗಿಗೇ ಫೋನ್ ಎತ್ತುವರು. ಇದನ್ನು ಬದಿಗಿಟ್ಟು ಕಪಾಟಿನಲ್ಲಿರುವ ಪುಸ್ತಕವೊಂದನ್ನು ತೆಗೆದು ಓದುವವರು ಯಾವ ಸ್ಪರ್ಧೆಯನ್ನೂ ಗೆಲ್ಲದೆ ಹೋಗಬಹುದು. ಆದರೆ ಅತ್ತೆ ಕೇಳಿದಾಗ ರಿಮೋಟ್ ಹುಡುಕುವ ಪ್ರಮೇಯ ಅವರಿಗೆ ಬಾರದು.