ಬೇರೆಯವರ ದಂಡು ವಾಪಸ್ ಹೋಗಲಿ!

ನಮ್ಮ ಶಾಸಕರಿಗೆ ಗಂಡೆದೆ ಇಲ್ಲ ಅನ್ನುವವರ ಬಾಯಿಗೆ ಒಂದು ಹಿಡಿ ಉಗಾರದ ಸಕ್ಕರೆ ತುರುಕಿ ಮುಚ್ಚಿಸಬೇಕು. 2022ರ ಡಿಸೆಂಬರಿನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅವರೆಲ್ಲ ಒಕ್ಕೊರಲಿನಿಂದ ಠರಾವು ಪಾಸು ಮಾಡಿದರು: ಮಹಾರಾಷ್ಟ್ರಕ್ಕೆ ಒಂದಿಂಚು ನೆಲ ಬಿಡೆವು! ಆ ಶತ್ರುದೇಶ ಗಡಿಯೂರು ಉಗಾರ ಖುರ್ದದ ನಮಗೆ ಚೆನ್ನಾಗಿ ಗೊತ್ತು. ಬೆಳಿಗ್ಗೆ ರೈಲು ಹತ್ತಿ ಅಲ್ಲಿಯ ಮಿರಜಿನ ದವಾಖಾನೆಗೆ ಹೋಗಿ, ಗುಳಿಗೆ ತಗೊಂಡು, ರಾತ್ರಿ ಊಟಕ್ಕೆ ಮನೆಗೆ ಬರುತ್ತೇವೆ. ಇಷ್ಟು ಆರಾಮದ ರಣಾಂಗಣ ಸಿಕ್ಕರೆ ಯಾರು ತಾನೆ ಶೂರರಲ್ಲ?

ನಿಜವಾದ ಪರದೇಶದ ಯುದ್ಧದಲ್ಲಿ ಮಾತ್ರ ಈ ಒಕ್ಕೊರಲು ಕಟ್ಟಿಹೋಗುತ್ತದೆ. 1987ರ ಜುಲೈ 29ರಂದು ಕೊಲಂಬೊದಲ್ಲಿ ಪ್ರಧಾನಿ ರಾಜೀವ್ ಗಾಂಧಿ, ಲಂಕೆಯ ಅಧ್ಯಕ್ಷ ಜಯವರ್ಧನೆ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದರು. ಮರುದಿನವೇ ನಮ್ಮ ದಂಡು ಲಂಕೆಗೆ ಇಳಿಯತೊಡಗಿತು. ಸಂಸತ್ತಿನ ಮತ ಕೇಳಲಿಲ್ಲ. ಕೇಳಬೇಕೆಂದು ಸಂವಿಧಾನದಲ್ಲಿ ಎಲ್ಲೂ ಬರೆದೂ ಇಲ್ಲ. ನಮ್ಮ ಓಣಿಯ ಗಟಾರ ತೋಡಬೇಕಾದರೆ ಸದಸ್ಯರು ಕೂತು ಠರಾವು ಮಾಡಬೇಕು. ಸಾವಿರಾರು ಹುಡುಗರನ್ನು ಸಮುದ್ರ ದಾಟಿಸಲು ಅದೇನೂ ಬೇಡ.

ಶಾಂತಿ ಕಾಯಲು ಹೋದವರು ಅಕ್ಟೋಬರಿನಲ್ಲಿ ತಮಿಳು ಹುಲಿಗಳ ಎಲ್‌ಟಿಟಿಇ ಜೊತೆ ಯುದ್ಧಕ್ಕೇ ನಿಂತರು. ಆ ಹುಲಿಗಳಿಗೆ ಬಂದೂಕು ಹಿಡಿಯಲು ಕಲಿಸಿದ್ದೂ ನಾವೇ. ಗುರುದಕ್ಷಿಣೆ ಬಾಕಿ ಉಳಿಯಲಿಲ್ಲ: ಸುಮಾರು 1,200 ಯೋಧರ ಜೀವ. ಆಗ ಚಿಕ್ಕೋಡಿಯ ನಮ್ಮ ಸಂಸದ ಬಿ. ಶಂಕರಾನಂದರು ರಾಜೀವ್ ಸಂಪುಟದಲ್ಲೇ ಇದ್ದರು. ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿಯ ಪಲ್ಟನ್ ಜಾಫ್ನಾದಲ್ಲಿತ್ತು. ಹುಡುಗರು ಅಲ್ಲಿ, ಸಾಹೇಬರು ದಿಲ್ಲಿಯಲ್ಲಿ. ದಂಡು ಕರೆಸಿ ಎಂಬ ಠರಾವು ಮಾತ್ರ ಸದನದಲ್ಲಿ ಪಾಸಾಗಲಿಲ್ಲ. ಹೊರಡಿ ಎಂದದ್ದು ಲಂಕೆಯ ಹೊಸ ಅಧ್ಯಕ್ಷ ಪ್ರೇಮದಾಸ, 1989ರ ಜೂನಿನಲ್ಲಿ. ದಿಲ್ಲಿಯಲ್ಲಿ ಸರ್ಕಾರ ಬದಲಾಗಿ, ಕೊನೆಯ ತುಕಡಿ ಹಡಗು ಹತ್ತಿದ್ದು 1990ರ ಮಾರ್ಚಿನಲ್ಲಿ. ಮದ್ರಾಸಿಗೆ ಬಂದಿಳಿದರೆ ಮುಖ್ಯಮಂತ್ರಿ ಕರುಣಾನಿಧಿ ಸ್ವಾಗತಕ್ಕೂ ಬರಲಿಲ್ಲ.

(ಯಾರನ್ನೂ ಕೇಳದೆ ಹುಡುಗರನ್ನು ಪರದೇಶದ ಯುದ್ಧಕ್ಕೆ ಕಳಿಸುವುದು ನಮ್ಮ ಭಾಗಕ್ಕೆ ಹೊಸದೂ ಅಲ್ಲ. 1916ರ ಏಪ್ರಿಲಿನಲ್ಲಿ ತಿಲಕರು ಬೆಳಗಾವಿಯಲ್ಲಿ ಸ್ವರಾಜ್ಯ ಕೇಳುವ ಹೋಂ ರೂಲ್ ಲೀಗ್ ಕಟ್ಟಿದರು. ಅದೇ ತಿಂಗಳು ಇರಾಕಿನ ಕುತ್‌ನಲ್ಲಿ ಮರಾಠಾ ಪಲ್ಟನ್ನುಗಳು ಹಸಿದು ಹಣ್ಣಾಗಿ ತುರ್ಕರಿಗೆ ಶರಣಾದವು. ಆಗ ಆಳುತ್ತಿದ್ದವರು ಬ್ರಿಟಿಷರು ಎಂಬ ನೆಪವಾದರೂ ಇತ್ತು.)

ಹಾಗಂತ ನಮ್ಮ ಲೋಕಸಭೆಗೆ ದಂಡು ವಾಪಸ್ ಕರೆಸುವ ಠರಾವು ಬರೆಯಲು ಬರುವುದೇ ಇಲ್ಲ ಎನ್ನಬೇಡಿ. 2003ರ ಏಪ್ರಿಲಿನಲ್ಲಿ ಪಕ್ಷಭೇದ ಮರೆತು ಬರೆಯಿತು: ಇರಾಕಿನಿಂದ ಸೈನ್ಯ ಬೇಗ ಹಿಂದೆ ಸರಿಯಲಿ. ಯಾರ ಸೈನ್ಯ? ಅಮೆರಿಕ ಮತ್ತು ಅದರ ಗೆಳೆಯರದ್ದು! ಅಮೆರಿಕದವರು ಹೊರಟದ್ದು 2011ರ ಡಿಸೆಂಬರಿನಲ್ಲಿ. ಠರಾವು ತಲುಪಲು ತಡವಾಯಿತೆಂದು ಅಂಚೆ ಇಲಾಖೆಯನ್ನು ದೂರಬೇಡಿ. 2003ರ ಜುಲೈನಲ್ಲಿ ನಮ್ಮ ಸೈನಿಕರನ್ನೂ ಅಲ್ಲಿಗೆ ಕಳಿಸಿ ಎಂಬ ಅಮೆರಿಕದ ಕೋರಿಕೆಗೆ ವಾಜಪೇಯಿ ಸರ್ಕಾರ ಒಲ್ಲೆ ಎಂದಿತು. ಒಳ್ಳೆಯದೇ ಆಯಿತು. ಆದರೆ ಒಲ್ಲೆ ಎಂದದ್ದೂ ಸಂಪುಟವೇ; ಹೂಂ ಅಂದಿದ್ದರೂ ಅದೇ ಕೋಣೆಯಲ್ಲಿ ಮುಗಿಯುತ್ತಿತ್ತು.

ಆದ್ದರಿಂದ ಚಿಕ್ಕೋಡಿಯ ಸಂಸದರಲ್ಲಿ ಒಂದು ಅರ್ಜಿ. ದಂಡನ್ನು ಪರದೇಶದ ಯುದ್ಧಕ್ಕೆ ಕಳಿಸುವ ಮೊದಲು ಸದನ ಮತ ಹಾಕಬೇಕು, ಆರು ತಿಂಗಳಿಗೊಮ್ಮೆ ಮತ್ತೆ ಹಾಕಬೇಕು, ಯಾರು ಕೈ ಎತ್ತಿದರೆಂದು ಹೆಸರು ಬರೆದಿಡಬೇಕು: ಇಂಥದ್ದೊಂದು ಕಾಯ್ದೆ ತನ್ನಿ. ಪಕ್ಷದ ಹುಡುಗನೊಬ್ಬನಿಗೆ ಇದನ್ನು ಹೇಳಿದೆ. “ಕಾಕಾ, ಕಬ್ಬಿನ ಬಾಕಿ ಕೇಳ್ರಿ, ಸಾಹೇಬ್ರು ಭಾಷಣಾನಾದ್ರೂ ಮಾಡ್ತಾರ. ಇದಕ್ಕ ಹೆಸರ ಬರಸ್ಕೊಳ್ಳಾಕ ಯಾರು ಬರ್ತಾರ್ರಿ?” ಅಂದ.

ಕರಡು ಬರೆಯುವ ತ್ರಾಸು ಸಾಹೇಬರಿಗೆ ಬೇಡ. 2003ರ ಠರಾವನ್ನೇ ಕಪಾಟಿನಿಂದ ತೆಗೆಸಿ, ಸೈನ್ಯ ಯಾರದ್ದು ಎಂಬುದನ್ನಷ್ಟೇ ತಿದ್ದಿಕೊಳ್ಳಲಿ.