ಪದ್ಮಿನಿ ರಾಯರು

ಪ್ರತಿ ಬಡಾವಣೆಗೂ ಒಂದು ಗಣಪತಿ ಗುಡಿ, ಒಂದು ಹಾಲಿನ ಬೂತು, ಚಳಿಗಾಲದಲ್ಲಿ ಸ್ಟಾರ್ಟ್ ಆಗದ ಒಂದು ಕಾರು ಇರಲೇಬೇಕು. ಮೈಸೂರಿನ ನಮ್ಮ ಬಡಾವಣೆಯಲ್ಲಿ ಮೊದಲೆರಡಕ್ಕೆ ನಿವಾಸಿಗಳ ಸಂಘದವರು ವರ್ಷಗಟ್ಟಲೆ ಓಡಾಡಬೇಕಾಯಿತು. ಮೂರನೆಯದನ್ನು ರಾಯರು ಬರುವಾಗಲೇ ತಂದರು.

ರಾಯರ ಪೂರ್ತಿ ಹೆಸರು ಬೀದಿಯಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಪದ್ಮಿನಿ ರಾಯರು ಅಂದರೆ ಸಾಕು, ಕೊರಿಯರ್ ಹುಡುಗ ಸೀದಾ ಬಂದು ಗೇಟು ಬಡಿಯುತ್ತಾನೆ. ಹೊಸದಾಗಿ ಬಾಡಿಗೆಗೆ ಬಂದವರೊಬ್ಬರು ಪದ್ಮಿನಿ ಎಂದರೆ ರಾಯರ ಹೆಂಡತಿಯೇ ಇರಬೇಕೆಂದು ತಿಳಿದು "ಪದ್ಮಿನಿ ಆಂಟೀ" ಎಂದು ಕೂಗಿಬಿಟ್ಟರು. ನಿವೃತ್ತ ಹೈಸ್ಕೂಲು ಮೇಡಂ ಆದ ನಮ್ಮ ಟೀಚರಮ್ಮ ಆಮೇಲೆ ಬಹಳ ದಿನ ಆ ಮನೆಗೆ ಕರಿಬೇವು ಕೊಡಲಿಲ್ಲ.

ಕಾರು 1986ರ ಪ್ರೀಮಿಯರ್ ಪದ್ಮಿನಿ. 1089 ಸಿಸಿ ಎಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಗೇರು, ಡ್ಯಾಶ್‌ಬೋರ್ಡಿನಲ್ಲಿ ಎಳೆಯುವ ಚೋಕು. ಮುಂಬಯಿಯ ಕಟ್ಟಕಡೆಯ ಪದ್ಮಿನಿ ಟ್ಯಾಕ್ಸಿ ಇಪ್ಪತ್ತು ವರ್ಷ ತುಂಬಿ 2023ರ ಅಕ್ಟೋಬರ್ ಕೊನೆಗೆ ರಸ್ತೆಯಿಂದ ಇಳಿಯಿತು ಎಂದು ಪೇಪರಿನಲ್ಲಿ ಬಂದ ದಿನ ರಾಯರು ರಾತ್ರಿ ಊಟ ಬಿಟ್ಟರು. "ಸ್ನಾನ ಏನಾದ್ರೂ ಮಾಡ್ಬೇಕೇನ್ರೀ?" ಎಂದು ಕೇಳಿದರಂತೆ ಟೀಚರಮ್ಮ.

ವರ್ಷದ ಹನ್ನೊಂದು ತಿಂಗಳು ರಾಯರೂ ಪದ್ಮಿನಿಯೂ ನಿರುಪದ್ರವಿಗಳು. ತೊಂದರೆ ಶುರುವಾಗುವುದು ಧನುರ್ಮಾಸದಲ್ಲಿ. ಸೂರ್ಯ ಹುಟ್ಟುವ ಮುಂಚೆ ಪೂಜೆಗೆ ಹೋಗಬೇಕು. ದೇವಸ್ಥಾನ ನಡೆದರೆ ಹತ್ತು ನಿಮಿಷ, ಪದ್ಮಿನಿಯಲ್ಲಿ ಹೋದರೆ ಮುಕ್ಕಾಲು ಗಂಟೆ. ಅದರಲ್ಲಿ ನಲವತ್ತು ನಿಮಿಷ ಗೇಟಿನ ಮುಂದೆಯೇ ಕಳೆಯುತ್ತದೆ. ರಾಯರು ತಲುಪುವ ಹೊತ್ತಿಗೆ ಹುಗ್ಗಿಯ ಕೊಳದಪ್ಪಲೆ ತೊಳೆಯಲು ಹೋಗಿರುತ್ತದೆ.

ಹಾಗೆಂದು ಅವರಿಗೆ ಏನೂ ತಿಳಿಯದು ಎನ್ನುವಂತಿಲ್ಲ. ಎಲ್ಲ ತಿಳಿದಿರುವುದೇ ಕಷ್ಟಕ್ಕೆ ಮೂಲ. "ಚಳೀಗೆ ಸ್ಟಾರ್ಟ್ ಆಗಲ್ಲ ಅನ್ನೋರೆಲ್ಲ ದಡ್ಡರು ಕಣ್ರೀ. ಮೈಸೂರಿನ ಹದಿನಾರು ಡಿಗ್ರಿ ಒಂದು ಚಳಿಯೇನ್ರೀ? ಯೂರೋಪಲ್ಲಿ ಇದೇ ಫಿಯೆಟ್ಟು ಹಿಮದಲ್ಲಿ ಓಡ್ತಿತ್ತು. ಮೊದಲೇ ಇರೋ ರೋಗ ಚಳೀಲಿ ಹೊರಗೆ ಬರುತ್ತೆ, ಅಷ್ಟೆ." ಮಾತು ನೂರಕ್ಕೆ ನೂರು ಸರಿ. ತಣ್ಣಗಿರುವ ಪೆಟ್ರೋಲು ಸರಿಯಾಗಿ ಆವಿಯಾಗದು, ಎಂಜಿನ್ ಆಯಿಲು ಗಟ್ಟಿ, ಬ್ಯಾಟರಿಗೆ ಜಡ. ಎಲ್ಲ ಭಾಗವೂ ನೆಟ್ಟಗಿದ್ದರೆ ಇವಿಷ್ಟನ್ನೂ ಕಾರು ನಿಭಾಯಿಸುತ್ತದೆ. ಪದ್ಮಿನಿಯಲ್ಲಿ ನೆಟ್ಟಗಿರುವ ಭಾಗವೆಂದರೆ ಹಾರ್ನು.

ರಾಯರು ರೋಗ ಹಿಡಿಯುವುದು ಕಿವಿಯಿಂದ. ಕೀ ತಿರುಗಿಸಿ ಕಣ್ಣು ಮುಚ್ಚುತ್ತಾರೆ. ಒಂದೇ ಸಲ "ಟಕ್" ಎಂದು ಸುಮ್ಮನಾದರೆ ಬ್ಯಾಟರಿಯ ಟರ್ಮಿನಲ್ ಸಡಿಲ, ಇಲ್ಲವೇ ಅದರ ಮೇಲೆ ಹಸಿರು ಬೂಷ್ಟು. "ಟಕಟಕಟಕ" ಎಂದರೆ ಬ್ಯಾಟರಿ ಡೌನು. ಸೆಲ್ಫು ಚೆನ್ನಾಗಿ ಸುತ್ತಿಯೂ ಎಂಜಿನ್ ಹಿಡಿಯದಿದ್ದರೆ ಪೆಟ್ರೋಲ್ ಬರುತ್ತಿಲ್ಲ ಅಥವಾ ಕರೆಂಟ್ ಬರುತ್ತಿಲ್ಲ. ಪೆಟ್ರೋಲ್ ವಿಷಯ ಪಂಪಿನ ಕೆಳಗಿನ ಪುಟ್ಟ ಲಿವರನ್ನು ಕೈಯಲ್ಲಿ ಒತ್ತಿದರೆ ಗೊತ್ತಾಗುತ್ತದೆ. ನಾಲ್ಕು ದಿನ ನಿಂತ ಕಾರಿನ ಕಾರ್ಬೋರೇಟರ್ ಒಳಗಿನದು ಆರಿಹೋಗಿರುತ್ತದೆ, ಒತ್ತಿ ಒತ್ತಿ ತುಂಬಿಸಬೇಕು. ಹೀಗೆ ಒತ್ತುವಾಗ ಅವರು ಸರ್ಕಾರದ ಎಥನಾಲ್ ನೀತಿಯ ಬಗ್ಗೆಯೂ ಒಂದಿಷ್ಟು ಹೇಳುತ್ತಾರೆ: "ಕಬ್ಬು ಆಲೆಮನೆಗೆ ಹೋಗ್ಬೇಕು. ಇವರು ನನ್ನ ಕಾರ್ಬೋರೇಟರಿಗೆ ತಂದು ಸುರೀತಾರೆ. ಎಥನಾಲು ಆವಿಯಾಗೋಕೆ ಪೆಟ್ರೋಲಿಗಿಂತ ಜಾಸ್ತಿ ಬಿಸಿ ಬೇಕು, ಹಳೇ ರಬ್ಬರ್ ಪೈಪು ತಿಂದುಹಾಕುತ್ತೆ." ಇದೂ ನಿಜವೇ. ಬೆಳಿಗ್ಗೆ ಐದೂವರೆಗೆ ಕೇಳಬೇಕಾದ ನಿಜವೇ ಎನ್ನುವುದು ಬೇರೆ ಪ್ರಶ್ನೆ.

ಆಮೇಲೆ ಪ್ಲಗ್ಗು ಬಿಚ್ಚುತ್ತಾರೆ. ಬಿಚ್ಚಿದ ಪ್ಲಗ್ಗನ್ನು ಮೊಮ್ಮಗನ ಹಾಲುಹಲ್ಲಿನ ಹಾಗೆ ಅಂಗೈಯಲ್ಲಿಟ್ಟುಕೊಂಡು ವಾಕಿಂಗಿಗೆ ಹೊರಟವರಿಗೆಲ್ಲ ತೋರಿಸುತ್ತಾರೆ. ತುದಿ ತಿಳಿ ಕಂದು ಬಣ್ಣ ಇದ್ದರೆ ಕ್ಷೇಮ, ಒಣ ಕಪ್ಪು ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚಾಗಿದೆ, ಒದ್ದೆಯಿದ್ದರೆ ಓವರ್‌ಫ್ಲೋ. ವೈರು ಸಿಕ್ಕಿಸಿ, ಎಂಜಿನ್‌ಗೆ ತಾಗಿಸಿಟ್ಟು ಸೆಲ್ಫ್ ಹೊಡೆಸಿ ಕಿಡಿ ನೋಡುತ್ತಾರೆ. ನೀಲಿ ಕಿಡಿ ಬಂದರೆ ಮುಖ ಸಪ್ಪಗಾಗುತ್ತದೆ, ಹಳದಿ ಬಂದರೆ ಅರಳುತ್ತದೆ. ಹಳದಿ ಎಂದರೆ ಪಾಯಿಂಟ್ ಸೆಟ್ ಮಾಡುವ ಯೋಗ.

ಪಾಯಿಂಟಿನ ನಡುವಿನ ಗ್ಯಾಪು ಅರ್ಧ ಮಿಲಿಮೀಟರಿಗೂ ಕಡಿಮೆ. ಅದನ್ನು ಅಳೆಯಲು ಫೀಲರ್ ಗೇಜ್ ಎಂಬ ಉಪಕರಣವಿದೆ. ರಾಯರು ಅದನ್ನು ನಂಬುವುದಿಲ್ಲ. ಅವರ ಅಳತೆ ಒಂದು ಹಳೆಯ ಲಗ್ನಪತ್ರಿಕೆ. ಅರಿಸಿನ ಹಚ್ಚಿದ ಮೂಲೆ ಸವೆದು, ವಧುವಿನ ಹೆಸರಿನ ಮೇಲೆ ಗ್ರೀಸಿನ ಹೆಬ್ಬೆಟ್ಟು ಕೂತಿದೆ. ಈಗಿನ ಪತ್ರಿಕೆಗಳು ಯಾಕಾಗವು ಎಂದರೆ, "ಅವು ಮರದ ಹಲಗೆ ಕಣ್ರೀ. ಗ್ಯಾಪು ಜಾಸ್ತಿಯಾಗಿ ಎಂಜಿನ್ನು ಮಿಸ್ ಹೊಡೆಯುತ್ತೆ. ಅಂಥಾ ಪತ್ರಿಕೆ ಹೊಡೆಸಿದವರ ಸಂಸಾರವೂ ಅಷ್ಟೆ."

ಇಷ್ಟಾದರೂ ಹಿಡಿಯದಿದ್ದರೆ ಉಳಿಯುವುದು ತಳ್ಳುವುದು. ಡಿಸೆಂಬರಿನಲ್ಲಿ ವಾಕಿಂಗ್ ಗುಂಪಿನವರು ದಾರಿ ಬದಲಿಸಿ ಹಿಂದಿನ ಕ್ರಾಸಿನಲ್ಲಿ ಹೋಗುವುದು ಈ ಕಾರಣಕ್ಕೇ. ಪೇಪರ್ ಹುಡುಗ ಸೈಕಲ್ ನಿಲ್ಲಿಸದೆ ದೂರದಿಂದಲೇ ಎಸೆದು ಪಾರಾಗುತ್ತಾನೆ. ಆದ್ದರಿಂದ ರಾಯರು ಇಳಿಜಾರಿನ ಉಪಾಸಕರು. ಮದುವೆಗೆ ಹೋದರೆ ಮುಹೂರ್ತಕ್ಕಿಂತ ಮೊದಲು ಛತ್ರದ ಮುಂದಿನ ರಸ್ತೆ ಯಾವ ಕಡೆ ಇಳಿದಿದೆ ನೋಡುತ್ತಾರೆ. ಮಗಳಿಗೆ ಬಂದ ಒಂದು ಒಳ್ಳೆಯ ಸಂಬಂಧ ತಪ್ಪಿದ್ದಕ್ಕೆ ಹುಡುಗನ ಮನೆ ತಗ್ಗಿನಲ್ಲಿದ್ದದ್ದೇ ಕಾರಣ ಎಂದು ಟೀಚರಮ್ಮ ಇಂದಿಗೂ ಹೇಳುತ್ತಾರೆ. ರಾಯರು ಜಾತಕ ಎನ್ನುತ್ತಾರೆ.

ಒಂದು ವರ್ಷ ಮಾತ್ರ ರಾಯರ ವಿದ್ಯೆಗೆ ಇಡೀ ಬೀದಿ ತಲೆಬಾಗಬೇಕಾಯಿತು. ಆ ಚಳಿಗಾಲದಲ್ಲಿ ಸೆಲ್ಫು ಮುಕ್ಕಿ ಮುಕ್ಕಿ ಅರ್ಧ ಸುತ್ತು ತಿರುಗಿ ನಿಲ್ಲುತ್ತಿತ್ತು. ಮೆಕ್ಯಾನಿಕ್ ಬಂದು ಬ್ಯಾಟರಿ ಹೋಗಿದೆ ಸಾರ್ ಎಂದ. ಹೊಸ ಬ್ಯಾಟರಿ ಬಂತು, ಕಾರು ಹಾಗೇ ಇತ್ತು. ಸೆಲ್ಫ್ ಮೋಟಾರ್ ಬಿಚ್ಚಬೇಕು ಸಾರ್ ಎಂದ. ಅಷ್ಟರಲ್ಲಿ ಚೋಕ್ ಒಳಗೆ ತಳ್ಳಲು ಹೋದ ರಾಯರು ಚಟಕ್ಕನೆ ಕೈ ಎಳೆದುಕೊಂಡರು. ಅಂಥ ಚಳಿಯಲ್ಲಿ, ಸ್ಟಾರ್ಟೇ ಆಗದ ಕಾರಿನಲ್ಲಿ, ಚೋಕಿನ ಗುಂಡಿ ಕೈ ಸುಡುವಷ್ಟು ಬಿಸಿ.

"ಏನಯ್ಯಾ, ಮೋಟಾರ್ ಮುಟ್ಟಬೇಡ, ಅರ್ಥಿಂಗ್ ನೋಡು" ಎಂದರು.

ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ಅದಕ್ಕೂ ಬಾಡಿಗೂ ಕರೆಂಟಿನ ಸಂಬಂಧ ಕಲ್ಪಿಸುವುದು ತಾಮ್ರದ ತಂತಿ ಹೆಣೆದ ಒಂದು ಪಟ್ಟಿ. ಅದು ಕಿಲುಬು ಹಿಡಿದು ಕೈಬಿಟ್ಟಿತ್ತು. ಸೆಲ್ಫು ಎಳೆಯುವ ಅಷ್ಟೂ ಕರೆಂಟು ವಾಪಸು ಹೋಗಲು ಬೇರೆ ದಾರಿಯಿಲ್ಲದೆ ಕಾರ್ಬೋರೇಟರಿನಿಂದ ಡ್ಯಾಶ್‌ಬೋರ್ಡಿಗೆ ಬಂದಿರುವ ಚೋಕ್ ಕೇಬಲ್ ಹಿಡಿದಿತ್ತು. ಬಾಡಿಯ ಬಣ್ಣ ಕೆರೆದು ತಗಡು ಹೊಳೆಯುವಂತೆ ಮಾಡಿ ಹೊಸ ಪಟ್ಟಿ ಬಿಗಿದದ್ದೇ ತಡ, ಸೆಲ್ಫು ಗಿರ್ರೆಂದು ತಿರುಗಿ ಎಂಜಿನ್ ಹಿಡಿದುಕೊಂಡಿತು. ಮೆಕ್ಯಾನಿಕ್ ರಾಯರ ಕಾಲಿಗೆ ಬೀಳುವುದೊಂದು ಬಾಕಿ. ಬ್ಯಾಟರಿಗೆ ದಂಡವಾದ ದುಡ್ಡಿನ ಪ್ರಸ್ತಾಪ ಎತ್ತಿದವರು ಟೀಚರಮ್ಮ ಒಬ್ಬರೇ.

ಮರುದಿನ ಬೆಳಿಗ್ಗೆ ಪದ್ಮಿನಿ ಮೊದಲ ಸೆಲ್ಫಿಗೇ ಸ್ಟಾರ್ಟ್ ಆಯಿತು. ರಾಯರಿಗೆ ಸಮಾಧಾನವಾಗಲಿಲ್ಲ. "ಇಷ್ಟು ಸಲೀಸಾಗಿ ಆಗ್ಬಾರದಲ್ಲ" ಎಂದು ಆಫ್ ಮಾಡಿದರು. ಮತ್ತೆ ಚೋಕ್ ಎಳೆದು ಹೊಡೆದರು, ಮತ್ತೆ ಆಯಿತು. ಅನುಮಾನ ಹೆಚ್ಚಿತು. ಹೀಗೇ ಚೋಕ್ ಎಳೆದೆಳೆದು ಪೆಟ್ರೋಲ್ ಓವರ್‌ಫ್ಲೋ ಆಗಿ ಬೀದಿಯೆಲ್ಲ ಘಮ್ಮೆಂದಿತು, ಎಂಜಿನ್ ಕೈಕೊಟ್ಟಿತು. ರಾಯರ ಮೈಯಲ್ಲಿ ಹೊಸ ರಕ್ತ ಹರಿಯಿತು. "ಈಗ ನೋಡಿ! ಚೋಕ್ ಪೂರಾ ಒಳಗೆ. ಆಕ್ಸಿಲರೇಟರ್ ತಳಮಟ್ಟ ಒತ್ತಿ ಹಿಡೀಬೇಕು. ಪಂಪ್ ಮಾಡ್ಬಾರದು, ಪಂಪ್ ಮಾಡಿದ್ರೆ ಇನ್ನಷ್ಟು ಪೆಟ್ರೋಲು ಸುರಿಯುತ್ತೆ. ಬರೀ ಗಾಳಿ ಎಳೆದು ಒಣಗಬೇಕು." ಒಣಗಿತು. ಹುಗ್ಗಿ ಅಂದೂ ಸಿಗಲಿಲ್ಲ.

ಈ ಸಲದ ಧನುರ್ಮಾಸದಲ್ಲಿ ದೇವರು ಅವರಿಗೆ ಬೇರೊಂದು ರೋಗಿಯನ್ನು ಕೊಟ್ಟ. ಎದುರುಮನೆಯ ಸಾಫ್ಟ್‌ವೇರ್ ಹುಡುಗ ಮುಂಜಾನೆಯೇ ಬೆಂಗಳೂರಿಗೆ ಹೊರಡಬೇಕಿತ್ತು. ಗುಂಡಿ ಒತ್ತಿದರೆ ಕಾರು ಕೆಮ್ಮಲೂ ಇಲ್ಲ. ರಾಯರು ಸ್ವೆಟರ್ ಏರಿಸಿಕೊಂಡು ಹಾಜರ್. ಬಾನೆಟ್ ಎತ್ತಿದರೆ ಉದ್ದಗಲಕ್ಕೂ ಕಪ್ಪು ಪ್ಲಾಸ್ಟಿಕ್ ಮುಚ್ಚಳ.

"ಇದರಲ್ಲಿ ಎಂಜಿನ್ ಎಲ್ಲಯ್ಯಾ?"

"ಅದರ ಕೆಳಗಿದೆ ಅಂಕಲ್."

"ಸರಿ, ಸೆಕೆಂಡ್ ಗೇರ್ ಹಾಕು, ತಳ್ಳೋಣ."

"ಆಟೊಮ್ಯಾಟಿಕ್ ಅಂಕಲ್, ತಳ್ಳಿದ್ರೆ ಸ್ಟಾರ್ಟ್ ಆಗಲ್ಲ."

ತಳ್ಳಿದರೂ ಸ್ಟಾರ್ಟ್ ಆಗದ ಕಾರಿಗೆ ಇಷ್ಟೊಂದು ಲಕ್ಷ ಕೊಟ್ಟವನನ್ನು ರಾಯರು ಕನಿಕರದಿಂದ ನೋಡಿದರು. ಪದ್ಮಿನಿಯನ್ನು ಸ್ಟಾರ್ಟ್ ಮಾಡಿ ಪಕ್ಕಕ್ಕೆ ತಂದು ನಿಲ್ಲಿಸಿದರು. ಕೆಂಪು ಕೇಬಲ್ ಕೆಂಪಿಗೆ ಹಾಕಿದರು. ಕರಿಯದನ್ನು ಸತ್ತ ಬ್ಯಾಟರಿಗೆ ಹಾಕಲಿಲ್ಲ. ಅಲ್ಲಿ ಗ್ಯಾಸ್ ಇದ್ದರೆ ಕಿಡಿ ಬಿದ್ದು ಸಿಡಿಯಬಹುದೆಂದು ಪಾಠ ಹೇಳಿ, ದೂರದ ಎಂಜಿನ್ ಕಬ್ಬಿಣಕ್ಕೆ ಕಚ್ಚಿಸಿದರು. ಹುಡುಗ ಗುಂಡಿ ಒತ್ತಿದ, ಕಾರು ಎದ್ದಿತು. "ಥ್ಯಾಂಕ್ಸ್ ಅಂಕಲ್" ಎಂದು ಎಕ್ಸ್‌ಪ್ರೆಸ್‌ವೇ ಕಡೆ ಹೊರಟೇಬಿಟ್ಟ. ರಾಯರು ಪೆಟ್ರೋಲ್ ಉಳಿಸಲು ಪದ್ಮಿನಿಯನ್ನು ಆಫ್ ಮಾಡಿ ಕೇಬಲ್ ಸುತ್ತಿಟ್ಟು, ಪಂಚೆ ಸರಿಮಾಡಿಕೊಂಡು ಮತ್ತೆ ಕೀ ತಿರುಗಿಸಿದರು.

ಟಕ್.

"ನಡ್ಕೊಂಡೇ ಹೋಗೀಂದ್ರೆ, ಹುಗ್ಗಿ ಸಿಗುತ್ತೆ!" ಎಂದು ಕಿಟಕಿಯಿಂದ ಟೀಚರಮ್ಮನ ದನಿ ಬಂತು. ರಾಯರು ಆಗಲೇ ಬಾನೆಟ್ ಒಳಗಿದ್ದರು. ಹಾಲಿನ ಪ್ಯಾಕೆಟ್ ಹಿಡಿದು ಗೋಡೆಯ ಪಕ್ಕದಲ್ಲೇ ಸದ್ದಿಲ್ಲದೆ ದಾಟುತ್ತಿದ್ದ ನನ್ನ ಕಡೆ ತಿರುಗಿದ ಅವರ ಮುಖದಲ್ಲಿ ಹಬ್ಬ.

"ಒಂದೇ ಟಕ್ ಅಂತು, ಕೇಳಿಸ್ಕೊಂಡ್ರಾ? ಬ್ಯಾಟರಿ ಅಲ್ಲ ರೀ, ಟರ್ಮಿನಲ್ಲು. ಕ್ಲಿಪ್ ಕೀಳೋವಾಗ ಅಲ್ಲಾಡಿದೆ. ಹಾಲು ಒಳಗಿಟ್ಟು ಒಂದು ಚೊಂಬು ಬಿಸಿನೀರು ತನ್ನಿ. ಹಾಗೇ ನಿಮ್ಮ ಮಗನ್ನೂ ಎಬ್ಬಿಸ್ಕೊಂಡು ಬನ್ನಿ, ಯಾವುದಕ್ಕೂ ಇರಲಿ."